ಕೊಲ್ಹಾರದ ಹಿನ್ನೀರಿನಲ್ಲಿ ಕಂಡ ದೊಡ್ಡ ಕಡಲಕ್ಕಿ ಯಾವುದು?

ಪ್ರಶ್ನೆ: ನಮ್ಮದು ಬೀಳಗಿ ತಾಲೂಕಿನ ಹೊಳೆದಂಡೆಯ ಊರು. ಜನವರಿ ಕೊನೆಯ ವಾರ ಕೊರ್ತಿ-ಕೊಲ್ಹಾರ ಸೇತುವೆಯ ಹತ್ತಿರ, ಆಲಮಟ್ಟಿ ಹಿನ್ನೀರು ಇಳಿದ ರಾಡಿಯಲ್ಲಿ ಹದ್ದಿನಷ್ಟು ದೊಡ್ಡ ಮೂರು ಬಿಳಿ ಹಕ್ಕಿಗಳು ಕುಳಿತಿದ್ದವು. ಒಂದರ ತಲೆ ಪೂರ್ತಿ ಕಪ್ಪು. ಇನ್ನೊಂದರ ತಲೆ ಬಿಳಿ, ಕಣ್ಣಿನ ಹಿಂದೆ ಮಾತ್ರ ಮಸಿ ಒರೆಸಿದ ಹಾಗೆ ಇತ್ತು. ಇವೆರಡರದೂ ಹಳದಿ ಕೊಕ್ಕು, ತುದಿಗೆ ಕಪ್ಪು-ಕೆಂಪು. ಮೂರನೆಯದಕ್ಕೆ ರೆಕ್ಕೆ ಮೇಲೆ ಕಂದು ಬಣ್ಣ, ಬಾಲದ ತುದಿಗೆ ಕಪ್ಪು ಪಟ್ಟಿ. ಮೊಬೈಲ್ ಆ್ಯಪ್ ಮೂರಕ್ಕೂ ಮೂರು ಹೆಸರು ಹೇಳಿತು. ಇವು ಮೂರು ಜಾತಿಯೇ? ಕಡಲ ಹಕ್ಕಿಗೆ ನಮ್ಮ ಎರೆ ಸೀಮೆಯಲ್ಲಿ ಏನು ಕೆಲಸ?

ಉತ್ತರ: ಮೂರೂ ಒಂದೇ ಜಾತಿಯವು. ಹೆಸರು ಪಲ್ಲಾಸನ ಕಡಲಕ್ಕಿ. ಹಳೆಯ ಹಕ್ಕಿ ಪುಸ್ತಕಗಳಲ್ಲಿ ಇದನ್ನೇ ‘ಗ್ರೇಟ್ ಬ್ಲ್ಯಾಕ್ ಹೆಡೆಡ್ ಗಲ್’, ಅಂದರೆ ದೊಡ್ಡ ಕರಿತಲೆ ಕಡಲಕ್ಕಿ ಎಂದು ಕರೆದಿದ್ದಾರೆ. ರಷ್ಯಾದಲ್ಲಿ ದುಡಿದ ಜರ್ಮನ್ ವಿಜ್ಞಾನಿ ಪೀಟರ್ ಸೈಮನ್ ಪಲ್ಲಾಸ್ 1773ರಲ್ಲಿ ಇದನ್ನು ಮೊದಲು ವರ್ಣಿಸಿದ. ಇಕ್ತಿಯೇಟಸ್ ಎಂಬ ಶಾಸ್ತ್ರೀಯ ಹೆಸರಿಗೆ ಗ್ರೀಕಿನಲ್ಲಿ ‘ಮೀನು ಗಿಡುಗ’ ಎಂಬ ಅರ್ಥ ಬರುತ್ತದೆ. ನೀವು ಹದ್ದಿನಷ್ಟು ದೊಡ್ಡದು ಎಂದಿರಲ್ಲ, ಅದು ಸರಿಯಾದ ಅಳತೆ. ನಿಮ್ಮ ಮೂರು ಹಕ್ಕಿಗಳ ನಡುವಿನ ಅಂತರ ಜಾತಿಯದಲ್ಲ, ವಯಸ್ಸಿನದು ಮತ್ತು ಋತುವಿನದು. ಕಪ್ಪುತಲೆಯದು ಪ್ರಾಯಕ್ಕೆ ಬಂದು ಮದುವೆಯ ಉಡುಪು ತೊಟ್ಟ ಹಕ್ಕಿ. ಬಿಳಿತಲೆಯದೂ ಪ್ರಾಯದ್ದೇ, ಇನ್ನೂ ಚಳಿಗಾಲದ ಉಡುಪಿನಲ್ಲಿದೆ. ಕಂದು ರೆಕ್ಕೆಯದು ಹಿಂದಿನ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಬಂದ ಮರಿ.

ಕಡಲಕ್ಕಿಗಳನ್ನು ಗುರುತಿಸಲು ಹೋದವರು ಎಡವುವುದು ತಲೆಯ ಬಣ್ಣದಲ್ಲೇ. ಕಣ್ಣು ಮೊದಲು ಹೋಗುವುದು ತಲೆಗೆ, ಆದರೆ ಈ ಗುಂಪಿನ ಹಕ್ಕಿಗಳಲ್ಲಿ ತಲೆಯಷ್ಟು ಬೇಗ ಬದಲಾಗುವುದು ಬೇರೆ ಯಾವುದೂ ಇಲ್ಲ. ಪಲ್ಲಾಸನ ಕಡಲಕ್ಕಿ ನಮ್ಮಲ್ಲಿಗೆ ಬಂದಿಳಿದು ದೀಪಾವಳಿ ಕಳೆಯುವ ಹೊತ್ತಿಗೆ ಪ್ರಾಯದ ಹಕ್ಕಿಯ ತಲೆಯೂ ಬಿಳಿ. ಕಣ್ಣಿನಿಂದ ಹಿಂದಕ್ಕೆ ನೆತ್ತಿಯವರೆಗೆ ಮಾಸಿದ ಕಪ್ಪು ಮಾತ್ರ ಇರುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ತಲೆಯ ಗರಿ ಬದಲಾಗತೊಡಗುತ್ತದೆ. ಶಿವರಾತ್ರಿ ಬರುವಷ್ಟರಲ್ಲಿ ಹೆಚ್ಚಿನವಕ್ಕೆ, ಮಗುವಿಗೆ ಕುಂಚಿಗೆ ಕಟ್ಟಿದ ಹಾಗೆ, ಕೊಕ್ಕಿನ ಬುಡದಿಂದ ಕುತ್ತಿಗೆಯವರೆಗೆ ಅಚ್ಚ ಕಪ್ಪು. ಎಲ್ಲ ಹಕ್ಕಿಗಳೂ ಒಂದೇ ದಿನ ಬದಲಾಗುವುದಿಲ್ಲ. ಆದ್ದರಿಂದ ಜನವರಿ ಕೊನೆಯಲ್ಲಿ ಒಂದೇ ರಾಡಿಯ ಮೇಲೆ ಬಿಳಿತಲೆ, ಅರೆಗಪ್ಪು ತಲೆ, ಪೂರ್ತಿ ಕಪ್ಪುತಲೆ ಎಲ್ಲವೂ ಸಿಗುತ್ತವೆ. ಗಲಿಬಿಲಿಗೆ ಇದಕ್ಕಿಂತ ಪ್ರಶಸ್ತ ವಾರ ವರ್ಷದಲ್ಲಿ ಇನ್ನೊಂದಿಲ್ಲ, ನಿಮಗೆ ಸಿಕ್ಕಿದ್ದು ಅದೇ ವಾರ.

ಹಾಗಾದರೆ ಮೊದಲು ನೋಡಬೇಕಾದ್ದು ಏನು? ಗಾತ್ರ. ಪಲ್ಲಾಸನ ಕಡಲಕ್ಕಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 60ರಿಂದ 70 ಸೆಂ.ಮೀ., ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್, ತೂಕ ಒಂದರಿಂದ ಎರಡು ಕಿಲೋ. ಒಳನಾಡಿನ ಕೆರೆ-ಜಲಾಶಯಗಳಿಗೆ ಹೆಚ್ಚಾಗಿ ಬರುವ ಉಳಿದೆರಡು ಕಡಲಕ್ಕಿಗಳು, ಅಂದರೆ ಕಂದುತಲೆಯದು ಮತ್ತು ಸಣ್ಣ ಕರಿತಲೆಯದು, 40 ಸೆಂ.ಮೀ. ಆಜುಬಾಜು, ಊರ ಕಾಗೆಯಷ್ಟೇ. ಕಾಗೆಗೂ ಹದ್ದಿಗೂ ಇರುವ ವ್ಯತ್ಯಾಸವನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ ಎನಿಸಬಹುದು. ಆದರೆ ಬಯಲು ನೀರಿನ ಮೇಲೆ ಒಂಟಿ ಬಿಳಿ ಹಕ್ಕಿ ಕಂಡಾಗ ಕಣ್ಣಿಗೆ ದೂರ ಎಷ್ಟು ಎಂಬ ಅಂದಾಜೇ ಸಿಗುವುದಿಲ್ಲ. ಕಾಗೆಯಷ್ಟರ ಹಕ್ಕಿ ಹದ್ದಾಗಿ ಕಾಣುತ್ತದೆ. ಪಕ್ಕದಲ್ಲಿ ಗೊತ್ತಿರುವ ಹಕ್ಕಿ ಇರುವಾಗಷ್ಟೇ ಗಾತ್ರ ನಂಬಬೇಕು. ನಮ್ಮ ಹಿನ್ನೀರಿನಲ್ಲಿ ಇದಕ್ಕೆ ಒಳ್ಳೆಯ ಅಳತೆಗೋಲು ಚಕ್ರವಾಕ, ಅಂದರೆ ಇಟ್ಟಿಗೆ ಬಣ್ಣದ ಆ ದೊಡ್ಡ ಬಾತು. ಅದರ ಪಕ್ಕ ನಿಂತಾಗ ಸರಿಸಮ ಕಂಡರೆ ಪಲ್ಲಾಸನದು ಎಂದು ಅರ್ಧ ತೀರ್ಮಾನಿಸಬಹುದು. ಬಾತಿನ ಮೈಯ ಎದುರು ಪುಟ್ಟದಾಗಿ ಕಂಡರೆ ಸಣ್ಣ ಜಾತಿ. ಬೆಳ್ಳಕ್ಕಿಯ ಜೊತೆ ಹೋಲಿಸಬೇಡಿ, ಅದರ ಉದ್ದವೆಲ್ಲ ಕುತ್ತಿಗೆ-ಕಾಲಿನದು.

ಎರಡನೆಯದು ಕೊಕ್ಕು ಮತ್ತು ತಲೆಯ ಆಕಾರ. ಇದು ವಯಸ್ಸು, ತಿಂಗಳು ಯಾವುದನ್ನೂ ಕೇಳುವುದಿಲ್ಲ. ಪಲ್ಲಾಸನ ಕಡಲಕ್ಕಿಯ ಹಣೆ ಉದ್ದಕ್ಕೆ ಇಳಿಜಾರು. ತಲೆಯ ಎತ್ತರದ ಭಾಗ ಕಣ್ಣಿನ ಮೇಲಲ್ಲ, ಹಿಂದೆ. ಕೊಕ್ಕು ಉದ್ದ, ದಪ್ಪ, ಮುಖದಿಂದ ಜೋತಂತೆ ಭಾರವಾಗಿ ಕಾಣುತ್ತದೆ. ಕಣ್ಣಿನ ಮೇಲೆ ಕೆಳಗೆ ಎರಡು ಬಿಳಿ ಅರ್ಧಚಂದ್ರಗಳಿರುತ್ತವೆ, ತಲೆ ಕಪ್ಪಾದಾಗ ಇವು ಎದ್ದು ತೋರುತ್ತವೆ. ಪ್ರಾಯದ ಹಕ್ಕಿಯ ಕೊಕ್ಕು ಹಳದಿ, ತುದಿಯ ಹತ್ತಿರ ಕಪ್ಪು ಅಡ್ಡಪಟ್ಟಿ, ಅದರ ಸುತ್ತ ಕೆಂಪು. ಕಾಲು ಮಾಸಲು ಹಳದಿ. ಭಾರತಕ್ಕೆ ಬರುವ ದೊಡ್ಡ ಕಡಲಕ್ಕಿಗಳಲ್ಲಿ ಕಪ್ಪುತಲೆ ತೊಡುವುದು ಇದೊಂದೇ. ಹಾಗಾಗಿ ‘ದೊಡ್ಡದು’ ಎಂಬುದು ಖಚಿತವಾದ ಮೇಲೆ ಕಪ್ಪುತಲೆ ಕಂಡರೆ ಚರ್ಚೆಯೇ ಬೇಡ. ತಲೆಯ ಬಣ್ಣ ಕೆಲಸಕ್ಕೆ ಬರುವುದು ಈ ಕ್ರಮದಲ್ಲಿ: ಗಾತ್ರದ ನಂತರ, ಮೊದಲಲ್ಲ.

ಮೂರನೆಯದು ಹಾರುವಾಗಿನ ರೆಕ್ಕೆಯ ತುದಿ. ಕುಳಿತ ಹಕ್ಕಿಯ ಹತ್ತು ಫೋಟೋಗಳಿಗಿಂತ ರೆಕ್ಕೆ ಬಿಚ್ಚಿದ ಒಂದು ಫೋಟೋ ಹೆಚ್ಚು ಹೇಳುತ್ತದೆ. ಪ್ರಾಯದ ಪಲ್ಲಾಸನ ಹಕ್ಕಿಯ ತುದಿಗರಿಗಳು ಬಹುಪಾಲು ಬಿಳಿ, ಅವುಗಳ ಕೊನೆಗೆ ತುಸು ಒಳಗೆ ಕಪ್ಪು ಕಮಾನಿನಂತೆ ಒಂದು ಗುರುತು. ದೂರದಿಂದ ಬಿಳಿ ರೆಕ್ಕೆಯ ಕೊನೆಗೆ ಕಾಡಿಗೆಯ ಗೆರೆ ಎಳೆದಂತಿರುತ್ತದೆ. ಕಂದುತಲೆಯದರಲ್ಲಿ ಇದಕ್ಕೆ ಉಲ್ಟಾ: ತುದಿ ಅಗಲವಾಗಿ ಕಪ್ಪು, ಆ ಕಪ್ಪಿನೊಳಗೆ ಕನ್ನಡಿ ಕೂರಿಸಿದಂತೆ ದೊಡ್ಡ ಬಿಳಿ ಚುಕ್ಕೆಗಳು, ಜೊತೆಗೆ ಕೆಂಪು ಕೊಕ್ಕು, ಕೆಂಪು ಕಾಲು, ತಿಳಿಬಣ್ಣದ ಕಣ್ಣು. ಸಣ್ಣ ಕರಿತಲೆಯದರ ರೆಕ್ಕೆಯ ಮುಂದಿನ ಅಂಚಿಗೆ ಉದ್ದಕ್ಕೆ ಬಿಳಿ ಪಟ್ಟೆ, ಕಣ್ಣು ಕಪ್ಪು.

ನಿಮ್ಮ ಮೂರನೆಯ ಹಕ್ಕಿ, ಅಂದರೆ ಮರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆ್ಯಪ್ ಹೆಚ್ಚಾಗಿ ಸೋಲುವುದು ಇಲ್ಲಿಯೇ. ಈ ಜಾತಿ ಪ್ರಾಯದ ಉಡುಪು ತೊಡಲು ಮೂರು ವರ್ಷ ದಾಟಬೇಕು. ಮೊದಲ ಚಳಿಗಾಲದಲ್ಲಿ ರೆಕ್ಕೆಯ ಮೇಲೆ ಕಂದು, ಎದೆಯ ಪಕ್ಕ ಮತ್ತು ಹಿಂಗುತ್ತಿಗೆಯಲ್ಲಿ ಕಂದು ಮಚ್ಚೆ, ಹೊಟ್ಟೆ ಬಿಳಿ, ಕೊಕ್ಕು ಮಂಕಾಗಿ ತುದಿ ಮಾತ್ರ ಕಪ್ಪು. ಆದರೆ ಬೆನ್ನು ಆಗಲೇ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಮತ್ತು ಬಾಲ ಅಚ್ಚ ಬಿಳಿಯಾಗಿ ಕೊನೆಗೆ ಕತ್ತರಿಸಿ ಹಚ್ಚಿದಂತೆ ಅಗಲ ಕಪ್ಪು ಪಟ್ಟಿ ಇರುತ್ತದೆ. ಆ ಪಟ್ಟಿ ಮತ್ತು ಬೂದು ಬೆನ್ನು, ಇವೆರಡೂ ಒಟ್ಟಿಗೆ ಇದ್ದರೆ ಪಲ್ಲಾಸನ ಮರಿ. ಎರಡನೆಯ ಚಳಿಗಾಲಕ್ಕೆ ರೆಕ್ಕೆಯ ಕಂದು ಹೋಗಿ ಬೂದು ಬರುತ್ತದೆ, ಬಾಲದ ಪಟ್ಟಿ ಸಣ್ಣದಾಗುತ್ತದೆ. ಮೂರನೆಯದಕ್ಕೆ ನೋಡಲು ಪ್ರಾಯದ್ದೇ, ರೆಕ್ಕೆಯ ತುದಿಯಲ್ಲಿ ಕಪ್ಪು ತುಸು ಹೆಚ್ಚು, ಅಷ್ಟೇ.

ಇದರ ಜೊತೆ ಗೊಂದಲವಾಗುವ ಇನ್ನೊಂದು ದೊಡ್ಡ ಹಕ್ಕಿ ಹ್ಯೂಗ್ಲಿನ್ ಕಡಲಕ್ಕಿ. ನಿಮ್ಮ ಆ್ಯಪ್ ಕೊಟ್ಟ ಮೂರರಲ್ಲಿ ಇದೂ ಒಂದಿದ್ದರೆ ಆಶ್ಚರ್ಯವಿಲ್ಲ. ಕಾರವಾರ, ಮಲ್ಪೆ ಬಂದರಿನಲ್ಲಿ ಮೀನಿನ ದೋಣಿ ಹಿಂದೆ ಬರುವ ದೊಡ್ಡ ಕಡಲಕ್ಕಿಗಳಲ್ಲಿ ಇದೂ ಒಂದು. ಇದರ ಬೆನ್ನು ಗಾಢ ಬೂದು, ಹೆಚ್ಚುಕಡಿಮೆ ಸ್ಲೇಟಿನ ಬಣ್ಣ. ಪಲ್ಲಾಸನದು ತಿಳಿ ಬೂದಿ. ಇದರ ಹಳದಿ ಕೊಕ್ಕಿನ ಕೆಳಭಾಗದಲ್ಲಿ ಒಂದು ಕೆಂಪು ಬೊಟ್ಟು. ರೆಕ್ಕೆತುದಿ ಅಗಲವಾಗಿ ಕಪ್ಪು. ತಲೆ ಎಂದೂ ಕಪ್ಪಾಗುವುದಿಲ್ಲ. ಚಳಿಗಾಲದಲ್ಲಿ ಹಿಂಗುತ್ತಿಗೆಯಲ್ಲಿ ಸಣ್ಣ ಕಂದು ಗೀರುಗಳು ಬರುತ್ತವೆಯೇ ಹೊರತು ಕಣ್ಣ ಹಿಂದಿನ ಮಸಿ ಇರುವುದಿಲ್ಲ. ಇದರ ಮರಿ ಮೈಯೆಲ್ಲ ಕಂದು ಚುಕ್ಕೆ ತುಂಬಿ ಕೊಳೆಯಾದಂತೆ ಕಾಣುತ್ತದೆ. ಇದು ಗೂಡು ಕಟ್ಟುವುದು ರಷ್ಯಾದ ಉತ್ತರದ ಹಿಮಬಯಲಿನಲ್ಲಿ. ಇದರ ಹತ್ತಿರದ ಬಂಧು ಸ್ಟೆಪ್ಪಿ ಕಡಲಕ್ಕಿ ಕಜಕಿಸ್ತಾನದ ಉತ್ತರ ಭಾಗದ್ದು, ಬೆನ್ನು ತುಸು ತಿಳಿ. ಇವೆರಡನ್ನೂ ಒಂದೇ ದೊಡ್ಡ ಜಾತಿಯ ಉಪಜಾತಿಗಳೆಂದು ಈಗ ಹೆಚ್ಚಿನ ಪಟ್ಟಿಗಳು ಎಣಿಸುತ್ತವೆ, ಮತ್ತು ಅವುಗಳ ಮರಿಗಳನ್ನು ಫೋಟೋದಲ್ಲಿ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಅಂಥದ್ದು ಸಿಕ್ಕರೆ ‘ದೊಡ್ಡ ಕಡಲಕ್ಕಿ, ಜಾತಿ ಖಚಿತವಿಲ್ಲ’ ಎಂದು ಬರೆದಿಡುವುದೇ ಪ್ರಾಮಾಣಿಕ ದಾಖಲೆ.

ಕಡಲಕ್ಕಿಯೇ ಅಲ್ಲದ ಒಂದು ಹಕ್ಕಿಯನ್ನೂ ಇಲ್ಲಿ ಹೇಳಲೇಬೇಕು, ಏಕೆಂದರೆ ಬಾಗಲಕೋಟೆ ಕಡೆ ಹೆಚ್ಚು ಜನ ತಪ್ಪುವುದು ಇದರಲ್ಲೇ. ಅದು ಹೊಳೆಯ ರೀವ (ರಿವರ್ ಟರ್ನ್). ಹಳದಿ ಕೊಕ್ಕು, ಕಪ್ಪು ನೆತ್ತಿ, ಬೂದು ಬೆನ್ನು ಎಲ್ಲ ಇದೆ. ಬೇಸಿಗೆಯಲ್ಲಿ ನೋಡಿದವರು ಕರಿತಲೆ ಕಡಲಕ್ಕಿ ಎಂದೇ ಬರೆದುಕೊಳ್ಳುತ್ತಾರೆ. ಆದರೆ ರೀವದ ಬಾಲ ಕತ್ತರಿಯಂತೆ ಸೀಳಿರುತ್ತದೆ, ರೆಕ್ಕೆ ಸಪೂರ, ಕಾಲು ಗಿಡ್ಡ, ಕೊಕ್ಕು ಚೂಪಾಗಿ ಮುಂದೆ ಚಾಚಿರುತ್ತದೆ. ಕಪ್ಪು ಬಣ್ಣ ನೆತ್ತಿಗೆ ಟೊಪ್ಪಿಗೆ ಇಟ್ಟಂತೆ ಕಣ್ಣಿನ ಮಟ್ಟಕ್ಕೆ ನಿಲ್ಲುತ್ತದೆ. ಗದ್ದ, ಗಂಟಲು ಬಿಳಿ. ಪಲ್ಲಾಸನದರಲ್ಲಿ ಗಂಟಲೂ ಕಪ್ಪು. ಮೀನು ಹಿಡಿಯುವ ರೀತಿಯೂ ಬೇರೆ: ರೀವ ಗಾಳಿಯಲ್ಲಿ ತಡೆದು ನಿಂತು ತಲೆ ಕೆಳಗಾಗಿ ಧುಮುಕುತ್ತದೆ. ಪಲ್ಲಾಸನದು ಹಾಗಲ್ಲ, ನೀರಿನ ಮೇಲ್ಭಾಗದಿಂದಲೇ ಎತ್ತಿಕೊಳ್ಳುತ್ತದೆ, ಸತ್ತ ಮೀನು ತಿನ್ನುತ್ತದೆ, ಬೇರೆ ಹಕ್ಕಿ ಹಿಡಿದದ್ದನ್ನು ಅಟ್ಟಿಸಿಕೊಂಡು ಹೋಗಿ ಕಸಿಯುತ್ತದೆ. ಮೀನುಗಾರರು ಬಲೆ ಎತ್ತುವ ಹೊತ್ತಿಗೆ ಹರಿಗೋಲಿನ ಸುತ್ತ ಕಣ್ಣಿಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ‘ಕಡಲಕ್ಕಿ’ ಎಂಬ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಈ ಹಕ್ಕಿಯ ತವರು ಕಡಲಲ್ಲ, ಏಷ್ಯಾದ ಒಳನಾಡಿನ ಸರೋವರಗಳು. ದಕ್ಷಿಣ ರಷ್ಯಾ ಮತ್ತು ಕಾಸ್ಪಿಯನ್ ಸಮುದ್ರದಿಂದ ಹಿಡಿದು ಕಜಕಿಸ್ತಾನದ ಬಾಲ್ಕಾಶ್ ಸರೋವರ, ಮಂಗೋಲಿಯಾ, ಚೀನಾದ ಚಿಂಗ್‌ಹಾಯ್ ಸರೋವರದವರೆಗೆ ಅಲ್ಲಲ್ಲಿ ನಡುಗಡ್ಡೆಗಳ ನೆಲದ ಮೇಲೆ ಗುಂಪಾಗಿ ಗೂಡು ಮಾಡುತ್ತದೆ. ಕಾಸ್ಪಿಯನ್ನಿಗೆ ಸಮುದ್ರ ಎನ್ನುತ್ತಾರೆ, ಅದೂ ನೆಲದಿಂದ ಸುತ್ತುವರಿದ ಉಪ್ಪುನೀರಿನ ಸರೋವರವೇ. ಚಿಂಗ್‌ಹಾಯ್ ಇರುವುದು ಸುಮಾರು 3,200 ಮೀಟರ್ ಎತ್ತರದಲ್ಲಿ. ನಮ್ಮ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಕಂದುತಲೆಯ ಕಡಲಕ್ಕಿಗಳೂ ಅಲ್ಲಿ ಇದರ ನೆರೆಹೊರೆ. ಆ ನೀರೆಲ್ಲ ಹೆಪ್ಪುಗಟ್ಟುವ ಮುನ್ನ ಇವು ದಕ್ಷಿಣಕ್ಕೆ ಹೊರಡುತ್ತವೆ. ಚಳಿಗಾಲ ಕಳೆಯುವ ಹರವು ದೊಡ್ಡದು: ಕೆಂಪು ಸಮುದ್ರ, ಅರಬ್ ದೇಶಗಳ ಕರಾವಳಿ, ಗುಜರಾತಿನಿಂದ ಬಂಗಾಳದವರೆಗಿನ ನಮ್ಮ ದಂಡೆ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್. ಒಳನಾಡಿನಲ್ಲಿ ಗಂಗೆ, ಚಂಬಲ್‌ನಂಥ ದೊಡ್ಡ ನದಿಗಳು, ಮಹಾರಾಷ್ಟ್ರದಲ್ಲಿ ಭೀಮಾ ನದಿಯ ಉಜನಿ ಹಿನ್ನೀರು. ಅದೇ ಭೀಮೆ ವಿಜಯಪುರ ಜಿಲ್ಲೆಯ ಉತ್ತರದ ಅಂಚಿಗೆ ಬರುತ್ತಾಳೆ. ಕೊಲ್ಹಾರದಿಂದ ಕಡಲು ನೇರ ಗೆರೆ ಎಳೆದರೂ 200 ಕಿ.ಮೀ.ಗಿಂತ ದೂರ ನಿಜ, ಆದರೆ ಮಧ್ಯ ಏಷ್ಯಾದಿಂದ ಸಾವಿರಾರು ಕಿಲೋಮೀಟರ್ ನೆಲದ ಮೇಲೆ ಹಾರಿ ಬಂದ ಹಕ್ಕಿಗೆ ಆಲಮಟ್ಟಿ ಹಿನ್ನೀರು ತವರಿನ ಸರೋವರದಂತೆಯೇ ಕಾಣಿಸುತ್ತದೆ. ದೊಡ್ಡ ಬಯಲು ನೀರು, ಬೇಕಾದಷ್ಟು ಮೀನು, ರಾತ್ರಿ ಕಳೆಯಲು ನಾಯಿ-ನರಿ ತಲುಪದ ನಡುಗಡ್ಡೆ, ಇಷ್ಟೇ ಅದರ ಬೇಡಿಕೆ. ಸಿಹಿನೀರು, ಉಪ್ಪುನೀರು ಎರಡೂ ನಡೆಯುತ್ತದೆ. ಕಣ್ಣಿನ ಮೇಲಿರುವ ಗ್ರಂಥಿಗಳು ಮೈಗೆ ಸೇರಿದ ಹೆಚ್ಚಿನ ಉಪ್ಪನ್ನು ಮೂಗಿನ ಮೂಲಕ ಹೊರಹಾಕುತ್ತವೆ.

ಮತ್ತೆ ನೋಡಲು ಹೋಗುವುದಾದರೆ ಹೊಳೆಯ ಮಟ್ಟ ಗಮನಿಸಿ ಹೋಗಿ. ಮಳೆಗಾಲ ಕಳೆದು ಜಲಾಶಯ 519.6 ಮೀಟರಿನ ಪೂರ್ಣ ಮಟ್ಟದಲ್ಲಿದ್ದಾಗ ಹಕ್ಕಿ ಕೂರಲು ಜಾಗವೇ ಇರುವುದಿಲ್ಲ, ಎಲ್ಲವೂ ನಡುನೀರಿನಲ್ಲಿ. ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದಂತೆ ಡಿಸೆಂಬರಿನಿಂದ ರಾಡಿ, ನಡುಗಡ್ಡೆ ತೆರೆದುಕೊಳ್ಳುತ್ತವೆ. ಡಿಸೆಂಬರ್ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಏಪ್ರಿಲ್ ಹೊತ್ತಿಗೆ ಇವು ಹೊರಟುಹೋಗಿರುತ್ತವೆ. ಕೊರ್ತಿ-ಕೊಲ್ಹಾರ, ಅನಗವಾಡಿ, ಹೆರಕಲ್, ಚಿಕ್ಕಸಂಗಮದ ದಂಡೆಗಳನ್ನು ಒಂದೇ ದಿನ ಸುತ್ತುವ ಬದಲು ಒಂದೇ ಜಾಗದಲ್ಲಿ ಎರಡು ತಾಸು ಕೂರುವುದು ಮೇಲು. ಬೆಳಗಾವಿ ಜಿಲ್ಲೆಯವರು ಹಿಡಕಲ್ ಮತ್ತು ನವಿಲುತೀರ್ಥದ ಹಿನ್ನೀರನ್ನೂ ಇದೇ ತಿಂಗಳುಗಳಲ್ಲಿ ಜಾಲಾಡಬೇಕು; ದೊಡ್ಡ ಬಯಲು ನೀರು ಎಲ್ಲಿದೆಯೋ ಅಲ್ಲೆಲ್ಲ ಹುಡುಕಬೇಕಾದ ಹಕ್ಕಿ ಇದು.

ಸೂರ್ಯ ಬೆನ್ನಿಗಿರಲಿ. ಬೆಳಿಗ್ಗೆ ಪೂರ್ವದ ದಂಡೆಯಿಂದ ಪಶ್ಚಿಮಕ್ಕೆ, ಸಂಜೆ ಅದರ ವಿರುದ್ಧ. ಎದುರು ಬಿಸಿಲಿಗೆ ಬೂದು ಬೆನ್ನು ಸ್ಲೇಟಿನಂತೆ ಕಂಡು, ಪಲ್ಲಾಸನದು ಹ್ಯೂಗ್ಲಿನ್ ಆಗಿಬಿಡುತ್ತದೆ. ಹತ್ತು ಗಂಟೆ ದಾಟಿದ ಮೇಲೆ ಒಣ ದಂಡೆಯಿಂದ ಏಳುವ ಬಿಸಿಗಾಳಿಗೆ ದೂರದ ಹಕ್ಕಿ ನಡುಗುತ್ತದೆ, ಆಗ ಕೊಕ್ಕಿನ ಪಟ್ಟಿ ನೋಡಲಾಗದು. 8x42 ಅಥವಾ 10x42 ದುರ್ಬೀನು 150 ಮೀಟರಿನವರೆಗೆ ಸಾಕು, ಅದಕ್ಕಿಂತ ದೂರಕ್ಕೆ 20-60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಮತ್ತು ಗಟ್ಟಿ ಸ್ಟ್ಯಾಂಡ್ ಬೇಕು. ಫೋಟೋಕ್ಕೆ ಗಾಢ ನೀರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಇಳಿಸಿ, ಇಲ್ಲವಾದರೆ ರೆಕ್ಕೆತುದಿಯ ಬಿಳಿ-ಕಪ್ಪು ಗುರುತೇ ಸುಟ್ಟುಹೋಗುತ್ತದೆ. ಬಿಳಿ ಆಕಾಶದ ಮುಂದೆ ಹಾರುತ್ತಿದ್ದರೆ ಉಲ್ಟಾ, ಒಂದು ಸ್ಟಾಪ್ ಏರಿಸಿ. ಹಾರುವಾಗ ಶಟರ್ 1/1600 ಸೆಕೆಂಡಿಗಿಂತ ನಿಧಾನ ಬೇಡ. ಮೂರು ಫೋಟೋ ಇದ್ದರೆ ಯಾರಾದರೂ ಜಾತಿ ಹೇಳಬಲ್ಲರು: ಪಕ್ಕದಿಂದ ನಿಂತದ್ದು, ಮೇಲ್ರೆಕ್ಕೆ ಕಾಣುವಂತೆ ಹಾರುವುದು, ಮತ್ತು ಬೇರೆ ಹಕ್ಕಿಯ ಜೊತೆ ಗಾತ್ರ ತೋರುವಂಥದ್ದು. ಆ್ಯಪಿಗೂ ಕತ್ತರಿಸಿದ ಮುಖದ ಚಿತ್ರ ಕೊಡಬೇಡಿ, ಇಡೀ ಹಕ್ಕಿ ಕೊಡಿ. ಜಾಗ, ದಿನಾಂಕ ಸರಿಯಾಗಿ ಹಾಕಿ. ಮರಿಯ ವಿಷಯದಲ್ಲಿ ಮಾತ್ರ ಅದರ ಮಾತನ್ನು ಸಾಕ್ಷಿ ಎನ್ನಬೇಡಿ. ಹಕ್ಕಿ ದಾಖಲೆಗಳ ಜಾಲತಾಣ ಈ-ಬರ್ಡ್‌ನಲ್ಲಿ ದಾಖಲಿಸುವಾಗ ‘ಪ್ರಾಯದ್ದು 2, ಮೊದಲ ಚಳಿಗಾಲದ್ದು 1’ ಎಂದು ವಯಸ್ಸು ಬರೆದರೆ ನಿಮ್ಮ ಸಾಲು ನಾಳೆ ಬೇರೆಯವರ ಅಧ್ಯಯನಕ್ಕೂ ಒದಗುತ್ತದೆ. ಕಾಲಿನಲ್ಲಿ ಬಣ್ಣದ ಉಂಗುರ ಕಂಡರೆ ಯಾವ ಕಾಲು, ಯಾವ ಬಣ್ಣ, ಏನು ಅಕ್ಷರ ಎಂಬುದನ್ನು ಫೋಟೋ ಸಮೇತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಇದು ಯಾವ ಸರೋವರದ ಹಕ್ಕಿ ಎಂಬುದು ಬರಿಗಣ್ಣಿಗೆ ತಿಳಿಯುವಂಥದ್ದಲ್ಲ, ಆ ಉಂಗುರವೇ ಹೇಳಬೇಕು.

ಕೊಲ್ಹಾರದ ಸೇತುವೆ ಹೆದ್ದಾರಿಯ ಮೇಲಿದೆ. ಅಲ್ಲಿ ಗಾಡಿ ನಿಲ್ಲಿಸಿ ದುರ್ಬೀನು ಹಿಡಿಯಬೇಡಿ, ಲಾರಿಗಳು ವೇಗದಲ್ಲಿ ಬರುತ್ತವೆ. ಊರ ಕಡೆಯಿಂದ ದಂಡೆಗೆ ಇಳಿಯಿರಿ. ಇಳಿದ ಮೇಲೆ ಎರೆಮಣ್ಣಿನ ಬಗ್ಗೆ ನಿಮಗೆ ಹೇಳಬೇಕಿಲ್ಲ, ಆದರೆ ಹೊರಗಿನಿಂದ ಬರುವ ಗೆಳೆಯರಿಗೆ ಹೇಳಿ: ಮೇಲೆ ಒಣಗಿ ಬಿರುಕು ಬಿಟ್ಟ ಹಿನ್ನೀರ ನೆಲ ಅರ್ಧ ಅಡಿ ಕೆಳಗೆ ಹಸಿಯೇ ಇರುತ್ತದೆ. ಬೈಕಿನ ಗಾಲಿ ಹೂತರೆ ಇಬ್ಬರಿಂದಲೂ ಎತ್ತಲಾಗದು. ನೀರು ಇಳಿದ ಜಾಗದಲ್ಲಿ ರೈತರು ಬಿತ್ತಿದ ಪೈರಿದ್ದರೆ ಬದುವಿನ ಮೇಲೇ ನಡೆಯಬೇಕು.

ಫೆಬ್ರುವರಿ ಕೊನೆಯಿಂದ ಇನ್ನೊಂದು ಎಚ್ಚರಿಕೆ ಬೇಕು. ಹೊಳೆಯ ರೀವಗಳು ಆಗ ನಡುಗಡ್ಡೆಯ ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಕಡಲಕ್ಕಿಯ ಹತ್ತಿರದ ಫೋಟೋಕ್ಕಾಗಿ ದೋಣಿ ಹತ್ತಿ ನಡುಗಡ್ಡೆಗೆ ಹೋದವರು ರೀವಗಳನ್ನು ಎಬ್ಬಿಸಿದರೆ, ಬಿಸಿಲಿಗೆ ಬಿದ್ದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗುತ್ತದೆ, ಉಳಿದದ್ದನ್ನು ಕಾಗೆ ಒಯ್ಯುತ್ತದೆ. ಪಲ್ಲಾಸನ ಕಡಲಕ್ಕಿಗೆ ಜಾಗತಿಕವಾಗಿ ಅಂಥ ಅಪಾಯವಿಲ್ಲ. ರೀವ ಮಾತ್ರ ಅಳಿವಿನ ಭೀತಿಯ ಪಟ್ಟಿಯಲ್ಲಿದೆ, ಮತ್ತು ಅದು ನಮ್ಮ ಹೊಳೆಯಲ್ಲೇ ಹುಟ್ಟಿ ಬೆಳೆಯುವ ಹಕ್ಕಿ. ಹೊರಗಿನ ಅತಿಥಿಯ ಚಿತ್ರಕ್ಕೆ ಮನೆಯ ಮರಿ ಬಲಿಯಾಗಬಾರದು. ಹರಿದ ನೈಲಾನ್ ಬಲೆಯ ತುಂಡು ದಂಡೆಯಲ್ಲಿ ಕಂಡರೆ ಎತ್ತಿ ತನ್ನಿ, ಕಾಲಿಗೆ ಸುತ್ತಿಕೊಂಡ ಹಕ್ಕಿ ಹಾರಲಾಗದೆ ಸಾಯುತ್ತದೆ. ಚುರುಮುರಿ, ಬ್ರೆಡ್ ಎಸೆದು ಕರೆಯುವುದು ಬೇಡ.

ಸತ್ತ ಕಡಲಕ್ಕಿ ಅಥವಾ ಬಾತು ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತವು. ಸತ್ತವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಇದ್ದವು, ಇದೇ ಪಲ್ಲಾಸನ ಕಡಲಕ್ಕಿಗಳೂ ಇದ್ದವು. ಒಂದು ಹಕ್ಕಿ ಸತ್ತಿದ್ದರೂ ತಾಲೂಕಿನ ಪಶು ಆಸ್ಪತ್ರೆಗೆ ಫೋನ್ ಮಾಡಿ, ಜಾಗ ತೋರಿಸಿ, ನಾಯಿಗಳು ಎಳೆಯದಂತೆ ನೋಡಿಕೊಳ್ಳಿ. ಕೋಳಿ ಸಾಕುವ ಮನೆಯವರಾದರೆ ದಂಡೆಯಲ್ಲಿ ತಿರುಗಿದ ಚಪ್ಪಲಿಯಲ್ಲಿ ಗೂಡಿನೊಳಗೆ ಹೋಗಬೇಡಿ.

ಶಿವರಾತ್ರಿಯ ಹೊತ್ತಿಗೆ ಅದೇ ದಂಡೆಗೆ ಇನ್ನೊಮ್ಮೆ ಹೋಗಿ ಬನ್ನಿ. ನೀವು ಕಂಡ ಬಿಳಿತಲೆಯ ಹಕ್ಕಿ ಇನ್ನೂ ಅಲ್ಲೇ ಇದ್ದರೆ ಅಷ್ಟರಲ್ಲಿ ಅದರ ತಲೆಯೂ ಕಪ್ಪಾಗಿರುತ್ತದೆ. ಮರಿಯ ಬಾಲದ ಪಟ್ಟಿ ಮಾತ್ರ ಹಾಗೆಯೇ ಇರುತ್ತದೆ.